ಹದಿನೈದು ಪರ್ಸೆಂಟಿನ ಬಡಪಾಯಿ

2025ರ ಮೇ 20ರ ರಾತ್ರಿ ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿ ಬಾನು ಮುಷ್ತಾಕ್ ಅವರ ಹೆಸರು ಕೂಗಿದ ಮೇಲೆ ಕನ್ನಡ ಸಾಹಿತ್ಯಲೋಕಕ್ಕೆ ಎರಡು ವಿಷಯ ಗೊತ್ತಾದವು. ಒಂದು, ಹಾಸನದಲ್ಲಿ ಕೂತು ಬರೆದ ಕತೆಗೂ ಇಂಟರ್‌ನ್ಯಾಷನಲ್ ಬುಕರ್ ಬರುತ್ತದೆ. ಎರಡು, ನಾಲ್ಕು ಪ್ರತಿ ಸ್ಪೀಡ್ ಪೋಸ್ಟ್ ಮಾಡಿ, ಸಮಿತಿಯಲ್ಲಿ ಯಾರಿದ್ದಾರೆಂದು ವಿಚಾರಿಸಿ, ಅವರ ಮನೆಯ ಗೃಹಪ್ರವೇಶಕ್ಕೆ ತಪ್ಪದೆ ಹೋಗಿ ಬಂದರೆ ಆ ಪ್ರಶಸ್ತಿ ಬರುವುದಿಲ್ಲ. ನಡುವೆ ಲಿಟರರಿ ಏಜೆಂಟ್ ಎಂಬ ಪ್ರಾಣಿಯೊಂದು ಬೇಕು. ಮೊದಲನೆಯದಕ್ಕೆ ನಮ್ಮ ಸಾಹಿತಿಗಳು ಒಂದು ವಾರ ಸಂತೋಷಪಟ್ಟರು. ಎರಡನೆಯದಕ್ಕೆ ಇನ್ನೂ ನಿದ್ದೆಗೆಟ್ಟಿದ್ದಾರೆ.

ಪ್ರಶಸ್ತಿಯ ಮೊತ್ತ 50,000 ಪೌಂಡು, ನಮ್ಮ ಲೆಕ್ಕದಲ್ಲಿ 57 ಲಕ್ಷದ ಆಸುಪಾಸು. ಅದರಲ್ಲಿ ಅರ್ಧ ಅನುವಾದಕಿ ದೀಪಾ ಭಸ್ತಿ ಅವರಿಗೆ. ಈ ‘ಅರ್ಧ’ ಎಂಬ ಮಾತು ಓದಿ ಎದೆ ಹಿಡಿದುಕೊಂಡವರು ಕಡಿಮೆಯಿಲ್ಲ. ಅನುವಾದಕರಿಗೆ ಇದುವರೆಗೆ ಎರಡು ಗೌರವ ಪ್ರತಿ, ಮುನ್ನುಡಿಯ ಕೊನೆಯಲ್ಲಿ ಒಂದು ಸಾಲಿನ ಕೃತಜ್ಞತೆ ಕೊಟ್ಟು ಕೈತೊಳೆದುಕೊಂಡವರು ಅವರು.

ಈ ಏಜೆಂಟ್ ಹುಟ್ಟಿದ್ದು ಲಂಡನ್ನಿನಲ್ಲೇ. 1870ರ ದಶಕದ ಕೊನೆಗೆ ಎ. ಪಿ. ವಾಟ್ ಎಂಬ ಸ್ಕಾಟ್‌ಲೆಂಡಿನವನು ಸ್ನೇಹಿತನ ಬರಹ ಮಾರಿಕೊಡಲು ಹೋಗಿ ಅದನ್ನೇ ಕಸುಬು ಮಾಡಿಕೊಂಡ. ನೂರಕ್ಕೆ ಹತ್ತು ಅವನ ಪಾಲು. ಕಿಪ್ಲಿಂಗ್, ಕಾನನ್ ಡಾಯ್ಲ್‌ನಂಥವರೇ ಅವನ ಗಿರಾಕಿಗಳು. ಪ್ರಕಾಶಕರಿಗೆ ಮೈಯೆಲ್ಲ ಉರಿ. ವಿಲಿಯಂ ಹೈನೆಮನ್ 1893ರಲ್ಲಿ ಏಜೆಂಟರನ್ನು ಪರೋಪಜೀವಿಗಳೆಂದೇ ಜರೆದ. ಪರೋಪಜೀವಿ ಬಡವಾಗಲಿಲ್ಲ. ಈಗ ಸ್ವದೇಶದ ಮಾರಾಟಕ್ಕೆ ಹದಿನೈದು, ಪರದೇಶಕ್ಕೂ ಅನುವಾದಕ್ಕೂ ಇಪ್ಪತ್ತು ಪರ್ಸೆಂಟು ವಾಡಿಕೆ. 1996ರಲ್ಲಿ ಅರುಂಧತಿ ರಾಯ್ ಅವರ ಹಸ್ತಪ್ರತಿ ಓದಿದ ಡೇವಿಡ್ ಗಾಡ್ವಿನ್ ಲಂಡನ್ನಿನಿಂದ ವಿಮಾನ ಹತ್ತಿ ದೆಹಲಿಗೇ ಬಂದಿಳಿದ. ಅದನ್ನು ಕೇಳಿದಾಗಿನಿಂದ ನಮ್ಮ ಕಾದಂಬರಿಕಾರರೊಬ್ಬರು ಕರೆಗಂಟೆ ರಿಪೇರಿ ಮಾಡಿಸಿ ಕಾಯುತ್ತಿದ್ದಾರೆ. ವಿಮಾನವೇಕೆ, ಅವರ ಮನೆಗೆ ಮೆಟ್ರೋ ಇದೆ.

ನ್ಯೂಯಾರ್ಕಿನ ಆಂಡ್ರ್ಯೂ ವೈಲಿಗೆ ಆ ಕಸುಬಿನವರು ಇಟ್ಟ ಅಡ್ಡಹೆಸರು ‘ನರಿ’. 1995ರಲ್ಲಿ ಮಾರ್ಟಿನ್ ಏಮಿಸ್ ತನ್ನ ಹಳೆಯ ಏಜೆಂಟ್ ಪ್ಯಾಟ್ ಕವಾನಾ ಅವರನ್ನು ಬಿಟ್ಟು ವೈಲಿಯ ಕೈಹಿಡಿದ. ಮಾತು ಐದು ಲಕ್ಷ ಪೌಂಡು ಮುಂಗಡದ್ದು. ಕವಾನಾರ ಗಂಡ, ಕಾದಂಬರಿಕಾರ ಜೂಲಿಯನ್ ಬಾರ್ನ್ಸ್ ಜೊತೆಗಿನ ಹಳೆಯ ಸ್ನೇಹ ಅಲ್ಲಿಗೆ ಮುರಿದುಬಿತ್ತು. ಸಾಹಿತಿಗಳ ಸ್ನೇಹ ನಮ್ಮಲ್ಲೂ ಮುರಿಯುತ್ತದೆ. ಆದರೆ ಅದಕ್ಕೆ ಕವಿಗೋಷ್ಠಿಯ ಪಟ್ಟಿಯಲ್ಲಿ ಹೆಸರು ಹಿಂದುಮುಂದಾದರೆ ಸಾಕು, ಯಾರಿಗೂ ದಮ್ಮಡಿ ಖರ್ಚಿಲ್ಲ.

ಇಂಥ ಪ್ರಾಣಿಯೊಂದನ್ನು ತಂದು ಬಸವನಗುಡಿಯಲ್ಲಿ ಬಿಟ್ಟರೆ ಏನಾದೀತು? ಬಿಡೋಣ. ಗಾಂಧಿ ಬಜಾರಿನ ಹಿಂದಿನ ರಸ್ತೆಯ ಮೊದಲ ಮಹಡಿಯಲ್ಲಿ ಒಂದು ರೂಮು, ಮೇಜು, ಎರಡು ಕುರ್ಚಿ, ‘ಸಾಹಿತ್ಯ ಏಜೆಂಟ್’ ಎಂಬ ಬೋರ್ಡು. ಬೋರ್ಡು ನೋಡಿ ಮೊದಲ ದಿನ ಹತ್ತಿ ಬಂದವರು ಸೈಟು ಮಾರುವವರು.

ಬೆಳಗಿನ ಐದೂವರೆಗೆ ಅವನ ಫೋನು ನಡುಗಲು ಶುರು. ಲಂಡನ್ನಿನ ಏಜೆಂಟನಿಗೆ ಬರುವುದು ಒಂದು ಪುಟದ ಪರಿಚಯ ಪತ್ರ, ಒಂದು ಪುಟದ ಸಾರಾಂಶ, ಮೊದಲ ಮೂರು ಅಧ್ಯಾಯ. ಇವನಿಗೆ ಬರುವುದು ಮಂಜು ಹನಿಯುವ ಗುಲಾಬಿಯ ಮೇಲೆ ‘ಶುಭೋದಯ’, ಅದರ ಬೆನ್ನಿಗೆ 412 ಪುಟದ ಪಿಡಿಎಫ್, ಅದರ ಬೆನ್ನಿಗೆ ‘ಓದಿ ಅಭಿಪ್ರಾಯ ತಿಳಿಸಿ’. ಐದು ಮುಕ್ಕಾಲಿಗೆ ‘ಓದಿದಿರಾ?’ ಆರು ಗಂಟೆಗೆ ಬರೀ ಪ್ರಶ್ನಾರ್ಥಕ ಚಿಹ್ನೆ. ಆರೂಕಾಲಿಗೆ ‘ದೊಡ್ಡವರು, ನಮ್ಮಂಥವರದು ಎಲ್ಲಿ ಓದ್ತೀರಿ’.

ಪಿಡಿಎಫ್ ಕಳಿಸುವವರು ಪುಣ್ಯವಂತರು. ವರ್ಡ್ ಫೈಲು ಕಳಿಸುವವರದು ಬೇರೆಯೇ ಸಂಕಟ. ಅವರ ಡಿಟಿಪಿಯವನು ಪೇಜ್‌ಮೇಕರಿನ ಕಾಲದಿಂದ ನುಡಿ ಫಾಂಟನ್ನೇ ನಂಬಿಕೊಂಡವನು, ಯುನಿಕೋಡ್ ಅಂದರೆ ಯಾವುದೋ ಹೊಸ ತೆರಿಗೆ ಅಂದುಕೊಂಡವನು. ಫೈಲು ತೆರೆದರೆ ಮೊದಲ ಸಾಲಿನಲ್ಲಿ ನಾಯಕಿಯ ಜಾಗದಲ್ಲಿ ಒಂದು ಡಿಗ್ರಿ ಚಿಹ್ನೆ, ಎರಡು ತಲೆಕೆಳಗಾದ ಪ್ರಶ್ನೆ, ಬಾಲ ಮೂಡಿದ ಒಂದು ಇಂಗ್ಲಿಷ್ ಅಕ್ಷರ. ಕನ್ವರ್ಟರಿಗೆ ಹಾಕಿ ತೆಗೆದರೆ ಕನ್ನಡವೇನೋ ಬರುತ್ತದೆ, ಅರ್ಕಾವತ್ತುಗಳು ಮಾತ್ರ ಪಕ್ಕದ ಅಕ್ಷರದ ತಲೆಯ ಮೇಲೆ ಹೋಗಿ ಕೂತಿರುತ್ತವೆ. ಒಮ್ಮೆ ಅಂಥ ಫೈಲನ್ನು ಹಾಗೆ ಹಾಗೇ ಓದಿದ ವಿಮರ್ಶಕರೊಬ್ಬರು ‘ಭಾಷೆಯನ್ನು ಒಡೆದು ಕಟ್ಟುವ ದಿಟ್ಟ ಪ್ರಯೋಗ’ ಎಂದು ಬೆನ್ನುಡಿಯನ್ನೂ ಬರೆದುಕೊಟ್ಟುಬಿಟ್ಟರು.

ಹಸ್ತಪ್ರತಿ ಕಳುವಾಗುವ ಭಯವಂತೂ ಇಲ್ಲಿಲ್ಲ. ಫಿಲಿಪ್ಪೊ ಬರ್ನಾರ್ಡಿನಿ ಎಂಬ ಇಟಲಿಯವನು ಲಂಡನ್ನಿನ ಪ್ರಕಾಶನ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದುಕೊಂಡೇ ಏಜೆಂಟರ, ಸಂಪಾದಕರ ಹೆಸರಿನಲ್ಲಿ ಸುಳ್ಳು ಇಮೇಲ್ ವಿಳಾಸಗಳನ್ನು ಹುಟ್ಟಿಸಿದ. ‘ಎಂ’ ಇರಬೇಕಾದ ಕಡೆ ‘ಆರ್’, ‘ಎನ್’ ಎರಡನ್ನೂ ಒತ್ತಿಗೆ ಕೂರಿಸಿದರೆ ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ, ಆ ಉಪಾಯ. ಹೀಗೆ ಸಾವಿರಕ್ಕೂ ಹೆಚ್ಚು ಅಪ್ರಕಟಿತ ಹಸ್ತಪ್ರತಿಗಳನ್ನು ಲಪಟಾಯಿಸಿ 2022ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಸಿಕ್ಕಿಬಿದ್ದ. ಪಾಪ, ಅಷ್ಟು ಕಷ್ಟಪಡಬೇಕಿತ್ತೆ? ಯಾವುದಾದರೂ ಕನ್ನಡ ಸಾಹಿತ್ಯದ ವಾಟ್ಸಾಪ್ ಗುಂಪಿಗೆ ಸೇರಿ ‘ನಮಸ್ಕಾರ’ ಅಂದಿದ್ದರೆ ಸಂಜೆಯೊಳಗೆ ಅಷ್ಟೂ ಬಂದು ಬೀಳುತ್ತಿದ್ದವು, ಓದದೇ ಇದ್ದುದಕ್ಕೆ ಬೈಗುಳ ಬೇರೆ.

ಹತ್ತೂವರೆಗೆ ಮೊದಲ ಗಿರಾಕಿ. ನಿವೃತ್ತ ಅಧಿಕಾರಿ. ಕೈಯಲ್ಲಿ ಕಾದಂಬರಿ, ಕಂಕುಳಲ್ಲಿ ಪತ್ರಿಕಾ ತುಣುಕುಗಳ ಫೈಲು.

“ಬುಕರ್‌ಗೆ ಅರ್ಜಿ ನಮೂನೆ ಎಲ್ಲಿ ಸಿಗುತ್ತೆ?”

“ಅರ್ಜಿ ಅಂತ ಇಲ್ಲ ಸಾರ್. ಇಂಗ್ಲಿಷಿಗೆ ಅನುವಾದ ಆಗಿ, ಬ್ರಿಟನ್ನಿನಲ್ಲೋ ಐರ್ಲೆಂಡಿನಲ್ಲೋ ಪ್ರಕಟ ಆಗಬೇಕು. ಆಮೇಲೆ ಅಲ್ಲಿನ ಪ್ರಕಾಶಕರೇ ಕಳಿಸ್ತಾರೆ.”

“ಅದೆಲ್ಲ ಇರಲಿ. ಸಮಿತೀಲಿ ಯಾರಿದಾರೆ?”

“ವರ್ಷ ವರ್ಷ ಬದಲಾಗ್ತಾರೆ. 2025ರಲ್ಲಿ ಮ್ಯಾಕ್ಸ್ ಪೋರ್ಟರ್ ಅಂತ ಅಧ್ಯಕ್ಷರಾಗಿದ್ದರು.”

“ಯಾವ ಕಡೆಯೋರು?”

“ಇಂಗ್ಲೆಂಡಿನೋರು ಸಾರ್.”

“ಅದು ಗೊತ್ತಾಯ್ತು ಕಣ್ರೀ. ಯಾವ ಕಡೆಯೋರು?”

ಏಜೆಂಟ್ ಸೋತು, ಒಂದು ಪುಟದ ಸಾರಾಂಶ ಕೊಡಿ ಎಂದು ಕೇಳುತ್ತಾನೆ. ಗಿರಾಕಿಯ ಮುಖ ಕೆಂಪಗಾಗುತ್ತದೆ. ಒಂಬೈನೂರು ಪುಟದಲ್ಲೇ ಹೇಳಿ ಮುಗಿಸಲಾಗದ್ದನ್ನು ಒಂದು ಪುಟದಲ್ಲಿ ಹೇಳುವುದೆಂದರೇನು? ಎರಡನೆಯ ಸಂಪುಟ ಬೇರೆ ಬರುತ್ತಿದೆ. ಮಾತು ಹಣಕ್ಕೆ ಬಂದಾಗ ಇನ್ನೂ ದೊಡ್ಡ ಆಘಾತ. “ನಾನು ಮೊದಲೇ ದುಡ್ಡು ತಗೊಳ್ಳಲ್ಲ ಸಾರ್. ಒಳ್ಳೆ ಏಜೆಂಟರು ಓದೋಕೆ ಫೀಜು ಕೇಳಲ್ಲ. ಪುಸ್ತಕದಿಂದ ನಿಮಗೆ ದುಡ್ಡು ಬಂದರೆ ಅದರಲ್ಲಿ ಹದಿನೈದು ಪರ್ಸೆಂಟ್.” ಗಿರಾಕಿ ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸುತ್ತಾರೆ. ಸರ್ಕಾರಿ ಸೇವೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಕಳೆದವರು. ಮುಂಗಡ ಕೇಳದೆ ಕೆಲಸ ಮಾಡಿಕೊಡುತ್ತೇನೆ ಅನ್ನುವವನನ್ನು ನಂಬಬಾರದೆಂದು ಅನುಭವದಿಂದ ಬಲ್ಲವರು.

ಇಷ್ಟರ ನಡುವೆ ಅವನು ಮಾಡಬೇಕಾದ ನಿಜವಾದ ಕೆಲಸ ಒಂದಿದೆ: ಒಳ್ಳೆಯ ಕನ್ನಡ ಪುಸ್ತಕಕ್ಕೆ ಒಳ್ಳೆಯ ಅನುವಾದಕರನ್ನು ಹುಡುಕಿ, ಇಪ್ಪತ್ತು ಪುಟದ ಮಾದರಿ ಮಾಡಿಸಿ, ಅದನ್ನು ಓದಬಲ್ಲ ಸಂಪಾದಕರ ಕೈಗೆ ಮುಟ್ಟಿಸುವುದು. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಶ್ರೀನಾಥ್ ಪೇರೂರರ ಇಂಗ್ಲಿಷಿನಲ್ಲಿ ಅಮೆರಿಕ, ಇಂಗ್ಲೆಂಡಿಗೆಲ್ಲ ಹೋದದ್ದು, ಬಾನು ಅವರ ಕತೆಗಳು ಶೆಫೀಲ್ಡಿನ ಒಂದು ಪುಟ್ಟ ಪ್ರಕಾಶನದ ಬಾಗಿಲು ತಟ್ಟಿದ್ದು ಇಂಥ ದಾರಿಯಲ್ಲೇ. ಆದರೆ ಆ ಇಪ್ಪತ್ತು ಪುಟಕ್ಕೆ ಅನುವಾದಕರಿಗೆ ಕೂಲಿ ಯಾರು ಕೊಡಬೇಕು ಎಂದು ಕೇಳಿದರೆ ಎಲ್ಲರೂ ಕನ್ನಡದ ಹಿರಿಮೆಯ ಬಗ್ಗೆ ಮಾತಾಡಲು ಶುರುಮಾಡುತ್ತಾರೆ.

ಮಧ್ಯಾಹ್ನ ಪ್ರಕಾಶಕರ ಭೇಟಿ. ಫ್ರಾಂಕ್‌ಫರ್ಟ್ ಮೇಳದಲ್ಲಿ ಏಜೆಂಟರು ಅರ್ಧರ್ಧ ಗಂಟೆಗೊಬ್ಬರಂತೆ ದಿನವಿಡೀ ವ್ಯವಹಾರ ಮುಗಿಸುತ್ತಾರಂತೆ. ಇಲ್ಲಿ ಮೊದಲ ಅರ್ಧ ಗಂಟೆ ಬೈಟೂ ಕಾಫಿ ಬರುವುದಕ್ಕೇ ಹೋಗುತ್ತದೆ. ಕಾಫಿ ಬಂದ ಮೇಲೆ ಏಜೆಂಟ್ ತನ್ನ ಬ್ಯಾಗಿನಿಂದ ಹನ್ನೆರಡು ಪುಟದ ಒಪ್ಪಂದ ಹೊರತೆಗೆಯುತ್ತಾನೆ. ಪ್ರಕಾಶಕರು ಅದನ್ನು ಮುಟ್ಟುವುದಿಲ್ಲ, ದೂರದಿಂದಲೇ ನೋಡುತ್ತಾರೆ.

“ಇದೆಲ್ಲ ಯಾಕೆ? ನಮ್ಮದು ನಂಬಿಕೆ ಮೇಲೆ ನಡೆಯೋ ವ್ಯವಹಾರ.”

ಏಜೆಂಟ್ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮು ತೆರೆಯುತ್ತಾನೆ. ಹಕ್ಕು ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು. ಅವಧಿ ಹೇಳದಿದ್ದರೆ ಐದೇ ವರ್ಷ. ಯಾವ ದೇಶ ಎಂದು ಹೇಳದಿದ್ದರೆ ಭಾರತ ಮಾತ್ರ. ಬರೆಸಿಕೊಂಡ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ಮಾತಿಲ್ಲದ ಪಕ್ಷದಲ್ಲಿ, ಅದೂ ಬಿದ್ದುಹೋಗುತ್ತದೆ. ಪ್ರಕಾಶಕರು ತಲೆಯಾಡಿಸುತ್ತ ಕೇಳಿ, ಕಪಾಟಿನಿಂದ ತಮ್ಮದೊಂದು ಪುಸ್ತಕ ತೆಗೆದು ಎರಡನೆಯ ಪುಟ ತೋರಿಸುತ್ತಾರೆ: ‘ಹಕ್ಕುಗಳು: ಲೇಖಕರವು’. “ನೋಡಿ, ಎಲ್ಲಾ ಅವರಿಗೇ ಬಿಟ್ಟಿದೀವಿ. ನಾವು ಏನನ್ನಾದರೂ ಕಿತ್ತುಕೊಂಡಿದೀವಾ?” ನಿಜ. ಹಕ್ಕನ್ನು ಇಷ್ಟು ಧಾರಾಳವಾಗಿ ಬಿಟ್ಟುಕೊಟ್ಟ ಪ್ರಕಾಶಕರು ಲಂಡನ್ನಿನಲ್ಲಿ ಹುಡುಕಿದರೂ ಸಿಗಲಾರರು. ಹಣ ಯಾರದು ಎಂಬುದನ್ನು ಆ ಪುಟದಲ್ಲಿ ಅಚ್ಚು ಹಾಕುವ ಪದ್ಧತಿ ಇಲ್ಲ, ಅಷ್ಟೆ.

“ರಾಯಲ್ಟಿ?”

“ಹತ್ತು ಪರ್ಸೆಂಟ್. ಧಾರಾಳವಾಗಿ.”

“ಯಾವಾಗ?”

“ಪ್ರತಿ ರೂಪದಲ್ಲಿ. ಐವತ್ತು ಪುಸ್ತಕ ಒಟ್ಟಿಗೇ ಕೊಟ್ಟುಬಿಡ್ತೀವಿ. ಅವರೂ ಬಂಧುಬಳಗಕ್ಕೆ ಹಂಚಬೇಕಲ್ಲ.”

ಪ್ರಕಾಶಕರನ್ನು ಖಳನಾಯಕ ಮಾಡಿ ಕೈತೊಳೆದುಕೊಳ್ಳುವುದು ಸುಲಭ. ಅವರ ಗೋಳೂ ಒಂದಿದೆ. ಅಂಗಡಿಯವನಿಗೆ ನೂರಕ್ಕೆ ಮೂವತ್ತೈದು ನಲವತ್ತು ಬಿಟ್ಟುಕೊಡಬೇಕು, ಆ ಮೇಲೆ ದುಡ್ಡಿಗೆ ಅವನ ಅಂಗಡಿಗೇ ಅಲೆಯಬೇಕು. ಉಳಿದ ಭರವಸೆ ಗ್ರಂಥಾಲಯದ ಸಗಟು ಖರೀದಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನೀವು ನಾವು ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತೇವೆ. ಜೀವನದಲ್ಲಿ ಒಂದು ಪುಸ್ತಕ ಕೊಳ್ಳದ ಮಹಾನುಭಾವನೂ ಮನೆ ಕಟ್ಟಿಸಿದ ತಪ್ಪಿಗೆ ವರ್ಷಕ್ಕೊಮ್ಮೆ ಸಾಹಿತ್ಯಪೋಷಕನಾಗುತ್ತಾನೆ. ಆ ಕರ ನಗರಪಾಲಿಕೆಯಿಂದ ಇಲಾಖೆಗೆ, ಇಲಾಖೆಯಿಂದ ಪ್ರಕಾಶಕರಿಗೆ ಹರಿದು ಬರುವಷ್ಟರಲ್ಲಿ ಪುಸ್ತಕದ ಹೀರೋಗೆ ಮದುವೆಯಾಗಿ ಮಕ್ಕಳಾಗಿರುತ್ತವೆ. ಖರೀದಿಯಾದರೂ ಹೇಗೆ? ಪುಟಕ್ಕಿಷ್ಟು ಪೈಸೆ ಎಂಬ ಲೆಕ್ಕ. ಇದರ ಪರಿಣಾಮವನ್ನು ಯಾವ ವಿಮರ್ಶಕರೂ ಸರಿಯಾಗಿ ಗುರುತಿಸಿಲ್ಲ. ನವ್ಯ, ಬಂಡಾಯಗಳ ನಂತರ ಕನ್ನಡದಲ್ಲಿ ನಡೆದ ದೊಡ್ಡ ರೂಪಾಂತರವೆಂದರೆ ಅಕ್ಷರದ ಗಾತ್ರ ದಪ್ಪವಾದದ್ದು, ಅಂಚು ಅಗಲವಾದದ್ದು, ನಾಲ್ಕು ಸಾಲಿನ ಹನಿಗವನಕ್ಕೆ ಒಂದು ಇಡೀ ಪುಟ, ಎದುರಿಗೆ ಚಿತ್ರ ಬಿಡಿಸಲು ಮರೆತ ಇನ್ನೊಂದು ಪುಟ ಬಂದದ್ದು. ಏಜೆಂಟ್ ಕಾದಂಬರಿಯಿಂದ ನೂರು ಪುಟ ಕತ್ತರಿಸಿ ಎಂದು ಲೇಖಕನಿಗೆ ಹೇಳಿದ್ದು ತಿಳಿದು ಪ್ರಕಾಶಕರು ಬೆಚ್ಚಿಬೀಳುತ್ತಾರೆ. “ನೂರು ಪುಟ! ಹೊಟ್ಟೆ ಮೇಲೆ ಹೊಡೀತೀರಲ್ರೀ.”

ಹಾಗಾದರೆ ನಮ್ಮ ದೊಡ್ಡವರು ಏಜೆಂಟರಿಲ್ಲದೆ ಹೇಗೆ ಬಾಳಿದರು? ಏಜೆಂಟು, ಪ್ರಕಾಶಕ, ಹಮಾಲಿ ಎಲ್ಲವೂ ತಾವೇ ಆಗಿ. ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ತಿರುಗಿ ಮಾರಿದರು. ಜಿ. ಪಿ. ರಾಜರತ್ನಂ ಚೀಲದಲ್ಲಿ ಪುಸ್ತಕ ತುಂಬಿಕೊಂಡು ವಿದ್ಯಾರ್ಥಿಗಳ ಮುಂದೆ ನಿಂತರು, ಸಂಕೋಚವಿಲ್ಲದೆ. ಕಾರಂತರಿಗೆ ಪುತ್ತೂರಿನ ಹರ್ಷ ಪ್ರಕಟಣಾಲಯ, ಕುವೆಂಪುಗೆ ಮೈಸೂರಿನ ಉದಯರವಿ, ತೇಜಸ್ವಿಗೆ ಪುಸ್ತಕ ಪ್ರಕಾಶನ. ಧಾರವಾಡದಲ್ಲಿ ಜಿ. ಬಿ. ಜೋಶಿಯವರು 1933ರಲ್ಲೇ ಮನೋಹರ ಗ್ರಂಥಮಾಲೆ ತೆರೆದು ಓದುಗರನ್ನು ಚಂದಾದಾರರನ್ನಾಗಿ ಹಿಡಿದಿಟ್ಟರು. ಇವರೆಲ್ಲ ದುಡ್ಡಿನ ಮಾತನ್ನು ಗಟ್ಟಿಯಾಗಿಯೇ ಆಡಿದವರು. ಪುಸ್ತಕದ ಬೆಲೆ ಕೇಳಿದರೆ ಸರಸ್ವತಿಗೆ ಅವಮಾನವಾಯಿತೆಂದು ಕಿವಿ ಮುಚ್ಚಿಕೊಳ್ಳುವ ಮಡಿ ಎಲ್ಲಿಂದ ಬಂತೋ ಕಾಣೆ. ಬಹುಶಃ ಪ್ರತಿ ತಿಂಗಳು ಒಂದನೇ ತಾರೀಕು ಸಂಬಳ ಬರುವ ಸಾಹಿತಿಗಳ ಸಂಖ್ಯೆ ಹೆಚ್ಚಿದ ಮೇಲೆ.

ಮೂರು ಗಂಟೆಗೆ ಗಾಂಧಿನಗರದಿಂದ ಫೋನು. ವೆಬ್ ಸೀರೀಸ್ ಮಾಡುವವರಿಗೆ ಕಾದಂಬರಿ ಬೇಕಂತೆ. “ಓದೋಕೆ ಟೈಮಿಲ್ಲ ಸಾರ್, ಒಂದು ಲೈನ್ ಹೇಳಿ.” ಇವನು ಲೈನ್ ಹೇಳುತ್ತಾನೆ. “ಸಾರ್, ಇದೇ ಥರದ್ದು ನಮ್ಮ ಡೈರೆಕ್ಟ್ರ ತಲೇಲೂ ಇದೆ” ಎಂದು ಫೋನು ಕಡಿಯುತ್ತದೆ. ಲೈನ್ ಕೇಳುವ ಮೊದಲು ಡೈರೆಕ್ಟ್ರ ತಲೆಯಲ್ಲಿ ಏನಿತ್ತು ಎಂಬುದು ಈಗ ಸಾಬೀತು ಮಾಡಲಾಗದ ವಿಷಯ. ಏಜೆಂಟನಿಗೆ 1972ರ ‘ನಾಗರಹಾವು’ ನೆನಪಾಗಿ ಹೊಟ್ಟೆ ಉರಿಯುತ್ತದೆ. ಪುಟ್ಟಣ್ಣ ಕಣಗಾಲ್ ಒಂದೇ ಚಿತ್ರಕ್ಕೆ ತ.ರಾ.ಸು. ಅವರ ಮೂರು ಕಾದಂಬರಿ ಬಳಸಿದರು. ಮೂರು ಕಾದಂಬರಿ, ಮೂರು ಒಪ್ಪಂದ, ಮೂರು ಸಲ ಹದಿನೈದು! ಇವನು ಹುಟ್ಟಿದ್ದೇ ತಡವಾಯಿತು.

ಸಂಜೆ ಅವನದೇ ಗಿರಾಕಿಯೊಬ್ಬರ ಕಥಾಸಂಕಲನದ ಬಿಡುಗಡೆ. ಕತೆಗಳು ಚೆನ್ನಾಗಿವೆ, ಅದು ಅವನಿಗೇ ಆಶ್ಚರ್ಯ. ವೇದಿಕೆಯ ಮೇಲೆ ಏಳು ಜನ, ಅವರಲ್ಲಿ ಪುಸ್ತಕ ಓದಿದವರು ಲೇಖಕರು ಒಬ್ಬರೇ. ಬಣ್ಣದ ಕಾಗದದ ಕಟ್ಟು ಬಿಚ್ಚಿ, ಏಳೂ ಜನ ಪುಸ್ತಕವನ್ನು ಎದೆಯೆತ್ತರಕ್ಕೆ ಹಿಡಿದು ಫೋಟೋಕ್ಕೆ ನಿಲ್ಲುತ್ತಾರೆ. ಒಬ್ಬರದು ತಲೆಕೆಳಗು. ಇವನಿಗೂ ಶಾಲು, ಹಾರ, ಬುಟ್ಟಿಯಲ್ಲಿ ಎರಡು ಸೇಬು. ಸಭಾಂಗಣದ ಬಾಡಿಗೆ, ಶಾಮಿಯಾನ, ಮೈಕು, ಉಪ್ಪಿಟ್ಟು ಕೇಸರಿಬಾತು, ಫ್ಲೆಕ್ಸು, ಶಾಲಿನ ಅಂಗಡಿ: ಸಾಹಿತ್ಯದಿಂದ ಎಷ್ಟು ಸಂಸಾರಗಳು ನಡೆಯುತ್ತವೆ ಎಂದು ಲೆಕ್ಕ ಹಾಕುತ್ತ ಅವನು ಕೂತಿರುವಾಗ ಪ್ರಕಾಶಕರು ಬಂದು ಪಿಸುಗುಡುತ್ತಾರೆ. “ಐವತ್ತು ಕಾಪಿ ಉಳಿದಿದೆ. ನಿಮ್ಮ ಸ್ಕೂಟರ್ ಮೇಲೆ ಇಡಿಸಿದೀನಿ. ಏಜೆಂಟ್ ಅಂದ ಮೇಲೆ ಮಾರೋದು ನೀವೇ ತಾನೆ?”

ರಾತ್ರಿ ಒಂಬತ್ತೂವರೆಗೆ ಆ ಕತೆಗಾರರ ಫೋನು. ಹಗಲು ಹೊತ್ತು ಅವರು ಲೆಕ್ಕಪರಿಶೋಧಕರು. ಕನ್ನಡದಲ್ಲಿ ಈ ಎರಡು ಕಸುಬು ಒಬ್ಬರಲ್ಲೇ ಸೇರುವುದು ಅಪರೂಪ, ಅಪಾಯಕಾರಿ ಕೂಡ. ಏಜೆಂಟ್ ಅವರನ್ನು ಸಂತೋಷಪಡಿಸಲು, 1961ರ ಆದಾಯ ತೆರಿಗೆ ಕಾಯ್ದೆಯ 80ಕ್ಯೂಕ್ಯೂಬಿ ಕಲಮಿನಲ್ಲಿ ಲೇಖಕರ ರಾಯಲ್ಟಿಗೆ ಮೂರು ಲಕ್ಷದವರೆಗೆ ವಿನಾಯಿತಿ ಇಟ್ಟಿದ್ದರಲ್ಲ ಎಂದು ಎತ್ತುತ್ತಾನೆ.

“ಗೊತ್ತು ಗೊತ್ತು. ರಾಯಲ್ಟಿ ಮಾರಾಟದ ಹದಿನೈದು ಪರ್ಸೆಂಟ್ ದಾಟಿದರೆ ದಾಟಿದ ಭಾಗಕ್ಕೆ ವಿನಾಯಿತಿ ಇಲ್ಲ ಅಂತಲೂ ಅದರಲ್ಲಿತ್ತು. ಲೇಖಕರು ಎಲ್ಲಿ ಸಿಕ್ಕಾಪಟ್ಟೆ ದುಡ್ಡು ಹೊಡೆದುಬಿಡ್ತಾರೋ ಅಂತ ಸರ್ಕಾರಕ್ಕೆ ಭಯ. ನನ್ನ ಹತ್ತಿರ ಇಷ್ಟು ಜನ ಸಾಹಿತಿಗಳ ರಿಟರ್ನ್ಸ್ ಬರುತ್ತೆ, ಆ ಕಾಲಂ ತುಂಬಿದ್ದು ನನಗೆ ಜ್ಞಾಪಕ ಇಲ್ಲ. ಅದಿರಲಿ, ನಮ್ಮ ಲೆಕ್ಕಕ್ಕೆ ಬರೋಣ.”

“ಯಾವ ಲೆಕ್ಕ?”

“ನಿಮಗೆ ಹೇಳಿರಲಿಲ್ಲ. ಮುದ್ರಣಕ್ಕೆ ಅಂತ ಪ್ರಕಾಶಕರಿಗೆ ಅರವತ್ತು ಸಾವಿರ ನಾನೇ ಕೊಟ್ಟೆ. ಎಲ್ಲರೂ ಹಾಗೇ ಮಾಡ್ತಾರಂತೆ. ಇವತ್ತಿನ ಖರ್ಚು ಇಪ್ಪತ್ನಾಲ್ಕು ಸಾವಿರ. ಪುಸ್ತಕ ಮಾರಿ ಕೈಗೆ ಬಂದದ್ದು ನಾಲ್ಕು ಸಾವಿರ, ಅದರಲ್ಲೂ ಸಾವಿರ ನಮ್ಮ ಅತ್ತೆಯದು. ಅಂದರೆ ಈ ಕೃತಿಯಿಂದ ನನ್ನ ನಿವ್ವಳ ಗಳಿಕೆ ಮೈನಸ್ ಎಂಬತ್ತು ಸಾವಿರ. ನಿಮ್ಮ ಒಪ್ಪಂದದ ಏಳನೇ ಅಂಶ ಓದಿದೆ. ‘ಕೃತಿಯ ನಿವ್ವಳ ಗಳಿಕೆಯಲ್ಲಿ ನೂರಕ್ಕೆ ಹದಿನೈದು ಏಜೆಂಟರದು’ ಅಂತಿದೆ. ಪ್ಲಸ್ಸೋ ಮೈನಸ್ಸೋ ಅಂತ ಹೇಳಿಲ್ಲ. ಹನ್ನೆರಡು ಸಾವಿರ ನೀವು ಕೊಡಬೇಕಾಗುತ್ತೆ.”

ಏಜೆಂಟ್ ಒಪ್ಪಂದ ತೆಗೆದು ಓದುತ್ತಾನೆ. ಅಂಶ ಹಾಗೆಯೇ ಇದೆ. ಅದನ್ನು ಬರೆದವನು ತಾನೇ. ಲಂಡನ್ನಿನ ಮಾದರಿಯಿಂದ ನಕಲು ಮಾಡಿದ್ದು. ಪುಸ್ತಕ ಬರೆದವನೇ ಪ್ರಕಾಶಕನಿಗೆ ದುಡ್ಡು ಕೊಡುತ್ತಾನೆಂಬ ಊಹೆ ಎ. ಪಿ. ವಾಟ್‌ನ ವಂಶದ ಯಾರಿಗೂ ಹೊಳೆದಿರಲಿಲ್ಲ. ಅವನ ಕಣ್ಣು ಬಾಗಿಲ ಬಳಿ ಇಳಿಸಿಟ್ಟ ಐವತ್ತು ಪುಸ್ತಕದ ಕಟ್ಟಿನ ಮೇಲೆ ಹೋಗುತ್ತದೆ.

“ಸಾರ್, ನಗದು ಕಷ್ಟ. ಪ್ರತಿ ರೂಪದಲ್ಲಿ ಕೊಟ್ಟುಬಿಡಲಾ? ಐವತ್ತು ಇದಾವೆ, ಒಟ್ಟಿಗೇ ಕಳಿಸ್ತೀನಿ.”

“ಪುಸ್ತಕ ಇಟ್ಟುಕೊಂಡು ನಾನೇನ್ರೀ ಮಾಡಲಿ?” ಎಂದರು ಕತೆಗಾರರು. “ಯುಪಿಐ ಮಾಡಿ. ಇದೇ ನಂಬರು.”